ಕೃಷ್ಣದ್ರವ್ಯ: ಒಂದು ಅನುಮಾನದ ಚರಿತ್ರೆ

‘ಅನುಮಾನ’ ಎಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಒಂದರ್ಥ, ಲೋಕವ್ಯವಹಾರದಲ್ಲಿ ಮತ್ತೊಂದರ್ಥ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ತಾರ್ಕಿಕರ ಅನುಮಾನ. ಬೆಂಕಿ ನಿಜವಾಗಿ ಇದೆಯೋ ಇಲ್ಲವೋ ಎಂದು ಶಂಕಿಸುವುದು ಆಡುಮಾತಿನ ಅನುಮಾನ. ಖಗೋಳವಿಜ್ಞಾನಿಗಳು ‘ಡಾರ್ಕ್ ಮ್ಯಾಟರ್’ ಎಂದು ಕರೆಯುವ, ಕನ್ನಡದಲ್ಲಿ ಕೃಷ್ಣದ್ರವ್ಯವೆಂದೂ ಕಪ್ಪುವಸ್ತುವೆಂದೂ ಹೇಳುವ ಪದಾರ್ಥದ ವಿಷಯದಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೇ ಸಲ್ಲುತ್ತವೆ. ಅದನ್ನು ಕಂಡವರಿಲ್ಲ, ಮುಟ್ಟಿದವರಿಲ್ಲ. ಆದರೂ ವಿಶ್ವದಲ್ಲಿರುವ ದ್ರವ್ಯವನ್ನು ಆರು ಪಾಲು ಮಾಡಿದರೆ ಸುಮಾರು ಐದು ಪಾಲು ಅದೇ ಎಂದು ವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪಿದ್ದಾರೆ. ಹೆಸರಾದರೂ ಅಷ್ಟು ಸರಿಯಾದುದಲ್ಲ. ಕಪ್ಪು ವಸ್ತುವು ಬೆಳಕನ್ನು ನುಂಗುತ್ತದೆ; ಇದು ಬೆಳಕನ್ನು ಬೀರುವುದೂ ಇಲ್ಲ, ನುಂಗುವುದೂ ಇಲ್ಲ. ‘ಕಾಣದ ದ್ರವ್ಯ’ ಎಂದಿದ್ದರೆ ಹೆಚ್ಚು ಒಪ್ಪುತ್ತಿತ್ತು.

ಈ ಅನುಮಾನದ ಯೋಗ್ಯತೆಯನ್ನು ಅಳೆಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಎರಡು ಪ್ರಸಂಗಗಳನ್ನು ಮೊದಲು ನೆನೆಯಬೇಕು. ಎರಡಕ್ಕೂ ನಾಯಕನು ಒಬ್ಬನೇ, ಪ್ಯಾರಿಸ್ಸಿನ ಗಣಿತಜ್ಞನಾದ ಅರ್ಬೇನ್ ಲೆವೆರಿಯೆ. 1781ರಲ್ಲಿ ವಿಲಿಯಂ ಹರ್ಷೆಲನು ಕಂಡುಹಿಡಿದ ಯುರೇನಸ್ ಗ್ರಹವು ನ್ಯೂಟನ್ನನ ನಿಯಮದಂತೆ ಎಲ್ಲಿರಬೇಕೋ ಅಲ್ಲಿರದೆ ಸ್ವಲ್ಪಸ್ವಲ್ಪವಾಗಿ ದಾರಿ ತಪ್ಪುತ್ತಿದ್ದಿತು. ನಿಯಮವೇ ತಪ್ಪೆಂದು ಹೇಳುವುದು ಒಂದು ಮಾರ್ಗ. ಕಾಣದ ಇನ್ನೊಂದು ಗ್ರಹವು ಅದನ್ನು ಸೆಳೆಯುತ್ತಿದೆಯೆಂದು ಹೇಳುವುದು ಮತ್ತೊಂದು ಮಾರ್ಗ. ಲೆವೆರಿಯೆ ಎರಡನೆಯದನ್ನು ಹಿಡಿದು, ಆ ಗ್ರಹವನ್ನು ಆಕಾಶದ ಯಾವ ಎಡೆಯಲ್ಲಿ ಹುಡುಕಬೇಕೆಂದು ಲೆಕ್ಕ ಮಾಡಿ ಬರ್ಲಿನ್ನಿನ ವೀಕ್ಷಣಾಲಯಕ್ಕೆ ಬರೆದನು. ಪತ್ರವು ತಲಪಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಗಾಲೆ ಎಂಬುವನು ದೂರದರ್ಶಕವನ್ನು ತಿರುಗಿಸಿದಾಗ, ಹೇಳಿದ ಸ್ಥಾನದಿಂದ ಒಂದು ಡಿಗ್ರಿಯ ಒಳಗೇ ನೆಪ್ಚೂನ್ ಗ್ರಹವು ಕಾಣಿಸಿಕೊಂಡಿತು. ಅನುಮಾನವು ಪ್ರತ್ಯಕ್ಷವಾಯಿತು. ಇಂಗ್ಲೆಂಡಿನ ಆಡಮ್ಸನೂ ಇಂಥದೇ ಗಣಿತವನ್ನು ಮಾಡಿದ್ದನೆಂದು ಆ ಮೇಲೆ ಎದ್ದ ವಾದ ಇಲ್ಲಿ ಅಪ್ರಸ್ತುತ.

ಹದಿಮೂರು ವರ್ಷಗಳ ಬಳಿಕ ಅದೇ ಲೆವೆರಿಯೆ ಬುಧಗ್ರಹವನ್ನು ಕೈಗೆತ್ತಿಕೊಂಡನು. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತ್ಯಂತ ಸಮೀಪವಾದ ಬಿಂದುವು ತಿಳಿದ ಕಾರಣಗಳಿಂದ ಸರಿಯಬೇಕಾದುದಕ್ಕಿಂತ ಶತಮಾನಕ್ಕೆ 38 ವಿಕಲೆಗಳಷ್ಟು ಹೆಚ್ಚಾಗಿ ಸರಿಯುತ್ತಿದೆಯೆಂದು 1859ರಲ್ಲಿ ಅವನು ತೋರಿಸಿದನು. ಹಿಂದೆ ಗೆದ್ದ ಉಪಾಯವನ್ನೇ ಹೂಡಿ, ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಗ್ರಹವಿರಬೇಕೆಂದನು. ಅದಕ್ಕೆ ವಲ್ಕನ್ ಎಂಬ ನಾಮಕರಣವೂ ಆಯಿತು. ಲೆಸ್ಕಾರ್ಬೋ ಎಂಬ ಹಳ್ಳಿಯ ವೈದ್ಯನು ಸೂರ್ಯಬಿಂಬದ ಮೇಲೆ ಕರಿಯ ಚುಕ್ಕೆಯೊಂದು ಹಾದುಹೋದುದನ್ನು ಕಂಡೆನೆಂದು ತಿಳಿಸಿದಾಗ, ಲೆವೆರಿಯೆ ಅವನ ಮನೆಗೇ ಹೋಗಿ ಕೂಲಂಕಷವಾಗಿ ವಿಚಾರಿಸಿ ನಂಬಿದನು. ವೈದ್ಯನಿಗೆ ಫ್ರಾನ್ಸಿನ ರಾಜಮರ್ಯಾದೆಯೂ ಸಂದಿತು. 1877ರಲ್ಲಿ ಲೆವೆರಿಯೆ ತೀರಿಕೊಂಡನು. ತಾರೀಖು ನೆಪ್ಚೂನ್ ಸಿಕ್ಕ ಸೆಪ್ಟೆಂಬರ್ 23. ವಲ್ಕನ್ ಮಾತ್ರ ಸಿಕ್ಕಲೇ ಇಲ್ಲ. 1915ರ ನವೆಂಬರಿನಲ್ಲಿ ಐನ್‌ಸ್ಟೈನನು ಗುರುತ್ವಾಕರ್ಷಣದ ತನ್ನ ಹೊಸ ಸಿದ್ಧಾಂತದಿಂದ, ಅಷ್ಟರಲ್ಲಿ 43 ವಿಕಲೆಗಳೆಂದು ತಿದ್ದುಪಡಿಯಾಗಿದ್ದ ಆ ವ್ಯತ್ಯಾಸವನ್ನು ಯಾವ ಹೊಸ ಗ್ರಹದ ನೆರವೂ ಇಲ್ಲದೆ ವಿವರಿಸಿದನು. ಅಲ್ಲಿ ತಿದ್ದಬೇಕಾಗಿದ್ದುದು ನಿಯಮವನ್ನೇ.

ಒಬ್ಬನೇ ವಿದ್ವಾಂಸ, ಒಂದೇ ತರ್ಕ; ಒಮ್ಮೆ ಗೆಲುವು, ಒಮ್ಮೆ ಸೋಲು. ಕೃಷ್ಣದ್ರವ್ಯವು ನೆಪ್ಚೂನಿನ ಜಾತಿಗೆ ಸೇರಿದುದೋ ವಲ್ಕನ್ನಿನ ಜಾತಿಗೆ ಸೇರಿದುದೋ ಎಂಬುದೇ ಇಂದಿನ ಪ್ರಶ್ನೆ.

ಈ ಕಥೆಯು ಸಾಮಾನ್ಯವಾಗಿ ಫ್ರಿಟ್ಜ್ ಜ್ವಿಕಿ ಎಂಬ ಸ್ವಿಸ್ ವಿಜ್ಞಾನಿಯಿಂದ ಆರಂಭವಾಗುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿದ್ದ ಅವನು 1933ರಲ್ಲಿ, ಕನ್ನಡದಲ್ಲಿ ಕೃಷ್ಣವೇಣಿ ಎನಿಸಿಕೊಳ್ಳುವ ಕೋಮಾ ನಕ್ಷತ್ರಪುಂಜದ ದಿಕ್ಕಿನಲ್ಲಿ ಕಾಣುವ ಗೆಲಾಕ್ಸಿಗಳ ಗುಂಪನ್ನು ಪರಿಶೀಲಿಸಿದನು. ಒಂದೊಂದು ಗೆಲಾಕ್ಸಿಯೂ ಕೋಟ್ಯಂತರ ನಕ್ಷತ್ರಗಳ ಕೂಟ. ಅಂಥವು ಸಾವಿರಾರು ಅಲ್ಲಿ ಜೊತೆಗೂಡಿವೆ. ಅವು ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಅತ್ತಿತ್ತ ಧಾವಿಸುತ್ತಿದ್ದವು. ಅಷ್ಟು ವೇಗದಿಂದ ಓಡುವವು ಎಂದೋ ಚದುರಿಹೋಗಬೇಕಾಗಿತ್ತು. ಚದುರದೆ ಉಳಿಯಬೇಕಾದರೆ ಕಾಣುವ ನಕ್ಷತ್ರಗಳ ತೂಕದ 400 ಪಟ್ಟು ತೂಕ ಅಲ್ಲಿರಬೇಕೆಂದು ಅವನ ಲೆಕ್ಕ ಹೇಳಿತು. ತನ್ನ ಜರ್ಮನ್ ಲೇಖನದಲ್ಲಿ ಅವನು ಅದನ್ನು ಕಪ್ಪುದ್ರವ್ಯವೆಂದು ಕರೆದನು. ಆ ಮಾತು ಅವನಿಗಿಂತ ಮೊದಲೇ ಕೆಲವರ ಬರವಣಿಗೆಯಲ್ಲಿ ಬಂದಿದ್ದರೂ, ಅದಕ್ಕೆ ಇಷ್ಟು ದೊಡ್ಡ ಲೆಕ್ಕವನ್ನು ಹೊರಿಸಿದವನು ಅವನೇ.

400 ಎಂಬ ಅಂಕಿ ಇಂದು ನಿಲ್ಲುವುದಿಲ್ಲ. ವಿಶ್ವವು ಹಿಗ್ಗುವ ದರವನ್ನು ಆಗಿನವರು ಇಂದಿನ ಅಳತೆಯ ಎಂಟರಷ್ಟೆಂದು ತಿಳಿದಿದ್ದರು. ಆದುದರಿಂದ ದೂರಗಳೂ ತೂಕಗಳೂ ತಪ್ಪಿದವು. ಮೇಲಾಗಿ, ಗೆಲಾಕ್ಸಿಗಳ ನಡುವಣ ಬಯಲಿನಲ್ಲಿ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವಿದೆಯೆಂದೂ ಅದರ ತೂಕ ಎಲ್ಲ ನಕ್ಷತ್ರಗಳ ತೂಕವನ್ನು ಮೀರಿದೆಯೆಂದೂ ಎಕ್ಸ್-ಕಿರಣಗಳ ಉಪಗ್ರಹಗಳು ಬಂದ ಮೇಲೆ ಗೊತ್ತಾಯಿತು. ಅಂದರೆ ಜ್ವಿಕಿಯ ಕಾಣದ ದ್ರವ್ಯದ ಒಂದು ಭಾಗವು ನಮ್ಮ ಕಣ್ಣಿನ ಕೊರತೆಯೇ ಹೊರತು ದ್ರವ್ಯದ ವಿಚಿತ್ರವಲ್ಲ. ಕೃಷ್ಣದ್ರವ್ಯದ ಪಕ್ಷಪಾತಿಗಳು ಈ ಸಂಗತಿಯನ್ನು ಅವಸರದಲ್ಲಿ ದಾಟಿಹೋಗುವುದುಂಟು, ಅದು ತರವಲ್ಲ. ಆದರೆ ಇವೆಲ್ಲವನ್ನೂ ಕಳೆದ ಮೇಲೂ ಲೆಕ್ಕ ಸರಿಹೋಗಲಿಲ್ಲ. ಇದ್ದುದರ ಹಲವು ಪಟ್ಟು ಕೊರತೆ ಉಳಿದೇ ಉಳಿಯಿತು.

ಜ್ವಿಕಿಯ ಮಾತನ್ನು ಬಹುಕಾಲ ಯಾರೂ ಹೆಚ್ಚಾಗಿ ಲಕ್ಷಿಸಲಿಲ್ಲ. ಅದು ಮತ್ತೆ ಮುನ್ನೆಲೆಗೆ ಬಂದುದು ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅವರ ಕೆಲಸದಿಂದ. ಸೌರವ್ಯೂಹದಲ್ಲಿ ಸೂರ್ಯನಿಂದ ದೂರವಾದಷ್ಟೂ ಗ್ರಹದ ವೇಗ ಕುಗ್ಗುತ್ತದೆ: ಬುಧನದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್, ನೆಪ್ಚೂನಿನದು ಐದೂವರೆಗೂ ಕಡಮೆ. ತೂಕವೆಲ್ಲ ನಡುವೆ ಸೂರ್ಯನಲ್ಲಿ ನೆಲಸಿರುವುದೇ ಇದಕ್ಕೆ ಕಾರಣ. ಗೆಲಾಕ್ಸಿಯ ಬೆಳಕೂ ನಡುವೆಯೇ ದಟ್ಟವಾಗಿರುವುದರಿಂದ ಅಂಚಿನ ನಕ್ಷತ್ರಗಳು ಹಾಗೆಯೇ ನಿಧಾನಿಸಬೇಕು. ರೂಬಿನ್ ಮತ್ತು ಫೋರ್ಡ್ ಅವರು ದೇವಯಾನಿ ಗೆಲಾಕ್ಸಿಯ 67 ಅನಿಲಪ್ರದೇಶಗಳ ವೇಗವನ್ನು ವರ್ಣಪಟಲದಿಂದ ಅಳೆದು 1970ರಲ್ಲಿ ಪ್ರಕಟಿಸಿದರು. ಅಂಚಿನಲ್ಲಿ ನಿರೀಕ್ಷಿಸಿದ ಇಳಿತ ಕಾಣಲಿಲ್ಲ. ಹಾಲೆಂಡಿನ ಆಲ್ಬರ್ಟ್ ಬೋಸ್ಮಾ ಅವರು 1978ರಲ್ಲಿ, ನಕ್ಷತ್ರಗಳೇ ಇಲ್ಲದಷ್ಟು ಹೊರಕ್ಕೆ ಹರಡಿದ ಜಲಜನಕದ ರೇಡಿಯೋ ಅಲೆಗಳಿಂದ ಇದನ್ನೇ ಅನೇಕ ಗೆಲಾಕ್ಸಿಗಳಲ್ಲಿ ಕಂಡರು. 1980ರಲ್ಲಿ ರೂಬಿನ್ ಮತ್ತು ಸಂಗಡಿಗರು 21 ಗೆಲಾಕ್ಸಿಗಳ ಅಳತೆಯನ್ನು ಮುಂದಿಟ್ಟಾಗ ಶಂಕೆಗೆ ಎಡೆ ಉಳಿಯಲಿಲ್ಲ. ಯಾವುದರ ಶಂಕೆ? ವೇಗದ ವಿಷಯದ ಶಂಕೆ. ವೇಗವು ಹೀಗಿದೆಯೆಂಬುದು ಪ್ರತ್ಯಕ್ಷ. ಅದಕ್ಕೆ ಕಾಣದ ದ್ರವ್ಯವೇ ಕಾರಣವೆಂಬುದು ಅನುಮಾನ. ಇವೆರಡನ್ನೂ ಕಲಸಿಬಿಡುವುದು ಜನಪ್ರಿಯ ಬರವಣಿಗೆಯ ದೊಡ್ಡ ದೋಷ. 2016ರಲ್ಲಿ ತೀರಿಕೊಂಡ ರೂಬಿನ್ ಅವರೇ ನಿಯಮವನ್ನು ತಿದ್ದಬೇಕಾದೀತೆಂಬ ಸಾಧ್ಯತೆಯನ್ನು ತಳ್ಳಿಹಾಕಿರಲಿಲ್ಲ.

ನಿಯಮವನ್ನು ತಿದ್ದಿ ನೋಡಿದವರು ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್. 1983ರಲ್ಲಿ ಅವರು ಹೇಳಿದುದು ಇದು: ಭೂಮಿಯ ಮೇಲಿನ ಗುರುತ್ವ ವೇಗೋತ್ಕರ್ಷದ ಸುಮಾರು ಎಂಟು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸೆಳೆತ ಕ್ಷೀಣವಾದಾಗ ನ್ಯೂಟನ್ನನ ನಿಯಮ ಬದಲಾಗುತ್ತದೆ, ಗೆಲಾಕ್ಸಿಗಳ ಅಂಚಿನಲ್ಲಿ ಸೆಳೆತವು ಅಷ್ಟೇ ಕ್ಷೀಣ, ಆದುದರಿಂದ ಕಾಣದ ದ್ರವ್ಯ ಬೇಡ. ಇದನ್ನು ಹಗುರವಾಗಿ ನೋಡಬಾರದು. ಕಾಣುವ ನಕ್ಷತ್ರ ಮತ್ತು ಅನಿಲಗಳ ಹಂಚಿಕೆಯೊಂದನ್ನೇ ಹಿಡಿದು ಗೆಲಾಕ್ಸಿಯ ವೇಗವನ್ನು ಈ ಸೂತ್ರವು ಆಶ್ಚರ್ಯಕರವಾಗಿ ಹೇಳಿಬಿಡುತ್ತದೆ. ತೀರ ಮಂಕಾದ ಗೆಲಾಕ್ಸಿಗಳು ಹೇಗೆ ವರ್ತಿಸಬೇಕೆಂದು ಮಿಲ್‌ಗ್ರೋಮ್ ಮೊದಲೇ ಬರೆದಿದ್ದಂತೆಯೇ 1990ರ ದಶಕದ ಅಳತೆಗಳು ಬಂದವು. ಆದರೆ ಜ್ವಿಕಿಯ ಗುಂಪುಗಳ ಬಳಿಗೆ ಹೋದರೆ ಸೂತ್ರ ಸೋಲುತ್ತದೆ. ಅಲ್ಲಿ ಅದಕ್ಕೂ ಕಾಣದ ತೂಕ ಬೇಕೇ ಬೇಕು.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನವು ವಾದದ ದಿಕ್ಕನ್ನು ಬಹಳಮಟ್ಟಿಗೆ ಬದಲಿಸಿತು. ‘ಬುಲೆಟ್’ ಎಂದು ಹೆಸರಾದ ಎಡೆಯಲ್ಲಿ ಗೆಲಾಕ್ಸಿಗಳ ಎರಡು ಗುಂಪುಗಳು ಒಂದನ್ನೊಂದು ಹಾದುಹೋಗಿವೆ. ಗೆಲಾಕ್ಸಿಗಳು ತಡೆಯಿಲ್ಲದೆ ಸಾಗಿದುವು. ಬಿಸಿ ಅನಿಲವು ಡಿಕ್ಕಿ ಹೊಡೆದು ನಡುವೆ ಹಿಂದುಳಿಯಿತು. ಕಾಣುವ ದ್ರವ್ಯದಲ್ಲಿ ಹೆಚ್ಚಿನ ಪಾಲು ಈ ಅನಿಲವೇ ಆದುದರಿಂದ, ಬೇರೆ ದ್ರವ್ಯವಿಲ್ಲದಿದ್ದರೆ ಗುರುತ್ವವೂ ಮುಖ್ಯವಾಗಿ ನಡುವೆಯೇ ಇರಬೇಕು. ತೂಕವಿರುವ ಕಡೆ ಬೆಳಕು ಬಾಗುತ್ತದೆ. ಹಾಗೆ ಬಾಗಿದ ಬೆಳಕಿನಿಂದ ಗೆಲಾಕ್ಸಿಗಳನ್ನು ತೂಗಬಹುದೆಂದು 1937ರಲ್ಲಿ ಸೂಚಿಸಿದ್ದವನೂ ಜ್ವಿಕಿಯೇ. ಹಾಗೆ ತೂಗಿದಾಗ ತೂಕವು ಅನಿಲದ ಕಡೆ ಇರದೆ, ಮುಂದೆ ಸಾಗಿದ ಗೆಲಾಕ್ಸಿಗಳ ಕಡೆಗೇ ಇದ್ದಿತು. ಇನ್ನೊಂದು ಸಾಕ್ಷಿ ಇದಕ್ಕೂ ಗಟ್ಟಿಯಾದುದು. ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟ ಹಳೆಯ ಬೆಳಕಿನ ಏರಿಳಿತಗಳನ್ನು ಪ್ಲಾಂಕ್ ಉಪಗ್ರಹವು ಅಳೆಯಿತು. ಬೆಳಕಿನ ಒತ್ತಡಕ್ಕೆ ಜಗ್ಗದ ದ್ರವ್ಯವೊಂದು ಆಗಲೇ ಇಲ್ಲದಿದ್ದರೆ ಆ ಏರಿಳಿತಗಳು ಕಂಡಂತೆ ಬರುವುದಿಲ್ಲ. 2013ರ ಆ ಲೆಕ್ಕದಂತೆ ವಿಶ್ವದಲ್ಲಿ ಸಾಮಾನ್ಯ ದ್ರವ್ಯ ಶೇಕಡ 5ರಷ್ಟು, ಕೃಷ್ಣದ್ರವ್ಯ 27ರಷ್ಟು. ಉಳಿದುದು ಕೃಷ್ಣಶಕ್ತಿಯೆಂಬ ಬೇರೆಯೇ ಸಮಸ್ಯೆ.

ವಲ್ಕನ್ನಿಗೆ ಇದ್ದುದು ಬುಧನೊಬ್ಬನ ಸಾಕ್ಷ್ಯ. ಕೃಷ್ಣದ್ರವ್ಯಕ್ಕೆ ಗೆಲಾಕ್ಸಿಗಳ ವೇಗ, ಬಾಗಿದ ಬೆಳಕು, ಆದಿಕಾಲದ ಬೆಳಕು ಎಂದು ಒಂದರ ಮಾತನ್ನು ಒಂದು ಕೇಳಿರದ ಸಾಕ್ಷಿಗಳು ಹಲವು. ತಕ್ಕಡಿಯು ನೆಪ್ಚೂನಿನ ಕಡೆಗೇ ವಾಲುತ್ತದೆ. ಆದರೆ ನೆಪ್ಚೂನಿಗೆ ಒಬ್ಬ ಗಾಲೆ ದೊರೆತನು. ಇಲ್ಲಿ ಆ ಗಾಲೆ ಇನ್ನೂ ಬಂದಿಲ್ಲ.

ಆ ದ್ರವ್ಯ ಯಾವುದೆಂಬುದಕ್ಕೆ ಮೊದಲ ಉತ್ತರಗಳಲ್ಲಿ ಒಂದನ್ನು ಕೊಟ್ಟವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದ ರಮಾನಾಥ ಕೌಶಿಕ್ ಅವರು. ನ್ಯೂಟ್ರಿನೋ ಎಂಬ ಕಣಕ್ಕೆ ಕಿಂಚಿತ್ ತೂಕವಿದ್ದರೂ ಗೆಲಾಕ್ಸಿಗಳ ಗುಂಪಿನ ಕೊರತೆಯನ್ನು ಅವು ತುಂಬಬಲ್ಲವೆಂದು ಅವರೂ ಮೆಕ್ಲೆಲ್ಲೆಂಡ್ ಎಂಬವರೂ 1973ರಲ್ಲಿ ಬರೆದರು. ಕನ್ನಡನಾಡಿಗೆ ಈ ಕಣವು ಅಪರಿಚಿತವಲ್ಲ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹನ್ನು 1965ರಲ್ಲಿ ಜಗತ್ತಿನಲ್ಲೇ ಮೊದಲಿಗರ ಸಾಲಿನಲ್ಲಿ ಕಂಡುದು ಕೋಲಾರದ ಚಿನ್ನದ ಗಣಿಯ ಆಳದಲ್ಲಿ. ನ್ಯೂಟ್ರಿನೋಗೆ ತೂಕವಿರುವುದು 1998ರಲ್ಲಿ ಜಪಾನಿನ ಪ್ರಯೋಗದಿಂದ ಖಚಿತವಾಯಿತು. ಆದರೆ ಆ ತೂಕ ಸಾಲದಷ್ಟು ಕಡಮೆ. ಕಾಣದ ದ್ರವ್ಯವೆಂಬ ಜಾತಿ ಇದೆಯೆಂದು ತೋರಿತು, ಬೇಕಾದಷ್ಟು ಇದೆಯೆಂದು ತೋರಲಿಲ್ಲ.

ಇನ್ನೂ ಭಾರವಾದ, ಹೆಸರು ಮಾತ್ರವಿರುವ ಕಣಗಳಿಗಾಗಿ ಹುಡುಕಾಟ ನಡೆದಿದೆ. ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದಡಿಯ ‘ಡಾಮಾ’ ತಂಡವು ವರ್ಷವರ್ಷವೂ ಏರಿಳಿಯುವ ಸುಳಿವನ್ನು ಕಂಡೆವೆಂದು ಎರಡು ದಶಕ ಹೇಳಿತು. ಅದೇ ಬಗೆಯ ಹರಳುಗಳಿಂದ ಕೊರಿಯಾ ಮತ್ತು ಸ್ಪೇನ್ ದೇಶಗಳಲ್ಲಿ ನೋಡಿದವರಿಗೆ ಅದು ಕಾಣಲಿಲ್ಲ. ಲೆಸ್ಕಾರ್ಬೋ ವೈದ್ಯನ ಚುಕ್ಕೆಯೇ ನೆನಪಾಗುತ್ತದೆ. ಅಮೆರಿಕೆಯ ದಕ್ಷಿಣ ಡಕೋಟದ, ಅದೂ ಒಂದು ಹಳೆಯ ಚಿನ್ನದ ಗಣಿಯೇ, ಒಂದೂವರೆ ಕಿಲೋಮೀಟರ್ ಆಳದಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ತುಂಬಿದ ಪಾತ್ರೆಯನ್ನಿಟ್ಟು ಕಾಯುತ್ತಿರುವವರು 2024ರಲ್ಲಿ ಪ್ರಕಟಿಸಿದ ಫಲಿತಾಂಶವೂ ಬರಿಗೈಯೇ. ಅದೇ ವರ್ಷ ಇಟಲಿ ಮತ್ತು ಚೀನಾಗಳ ಕ್ಸೆನಾನ್ ಪಾತ್ರೆಗಳಲ್ಲಿ ಒಂದು ಸುಳಿವು ದೊರೆಯಿತು. ಅದು ಸೂರ್ಯನಿಂದ ಬಂದ ನ್ಯೂಟ್ರಿನೋಗಳದು. ಪಾತ್ರೆ ದೊಡ್ಡದಾದಷ್ಟೂ ಈ ನ್ಯೂಟ್ರಿನೋಗಳ ಗದ್ದಲ ಹೆಚ್ಚುತ್ತದೆ. ಆ ಗದ್ದಲದಲ್ಲಿ ಕೃಷ್ಣದ್ರವ್ಯದ ದನಿಯನ್ನು, ಇದ್ದರೆ, ಬೇರ್ಪಡಿಸುವ ಉಪಾಯವನ್ನು ಈಗ ಯೋಚಿಸುತ್ತಿದ್ದಾರೆ.