ಕೂಟದಿಂದ ಸಂವಿಧಾನದವರೆಗೆ

ಹರಿಹರವೆಂದೊಡನೆ ನಮಗೆ ನೆನಪಾಗುವುದು ತುಂಗಭದ್ರೆಯ ದಡದ ಹರಿಹರೇಶ್ವರ ದೇಗುಲ; ದಾವಣಗೆರೆಯೆಂದರೆ ಮಂಡಿಪೇಟೆ, ಒಂದು ಕಾಲದ ಹತ್ತಿ ಗಿರಣಿಗಳು. ಈ ಊರುಗಳಿಗೂ ರಾಜ್ಯಾಂಗದ ಚರಿತ್ರೆಗೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ಈ ಸೀಮೆ ಎರಡು ದಂಗೆಗಳನ್ನು ಕಂಡಿದೆ. ಒಂದು 1830ರದು, ಇನ್ನೊಂದು 1942ರಲ್ಲಿ ಹೊತ್ತಿ 1947ರಲ್ಲಿ ಫಲಿಸಿದ್ದು. ಮೊದಲನೆಯದು ಸೋತದ್ದೇಕೆ, ಎರಡನೆಯದು ಗೆದ್ದದ್ದೇಕೆ ಎಂಬುದಷ್ಟೇ ನನ್ನ ಇಂದಿನ ವಿಚಾರ.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಮೈಸೂರು ಒಡೆಯರ ವಂಶಕ್ಕೆ ಮರಳಿತು. ಆದರೆ ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕಂಪನಿಗೆ ಕೊಡಬೇಕೆಂದು ಒಪ್ಪಂದವಾಯಿತು. ಆಡಳಿತ ಕೆಟ್ಟರೆ ರಾಜ್ಯವನ್ನು ತಾನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದರಲ್ಲಿ ಬರೆಸಿಕೊಂಡಿತ್ತು. ಮುಂದೆ ಬೊಕ್ಕಸ ಬರಿದಾಗುತ್ತ ಬಂದಂತೆ ‘ಶರತ್ತು’ ಪದ್ಧತಿ ಬಲಿಯಿತು. ಇಷ್ಟು ಹಣ ಕಟ್ಟಿಯೇ ತೀರುತ್ತೇನೆಂದು ಅಮಲ್ದಾರ ಕರಾರು ಬರೆದುಕೊಡುವುದು, ಕಡಮೆ ಬಿದ್ದರೆ ಅವನೇ ತುಂಬಿಕೊಡುವುದು. ಅವನು ಅದನ್ನು ತುಂಬಿದ್ದು ಎಲ್ಲಿಂದ ಎಂದು ಹೇಳಬೇಕಾಗಿಲ್ಲ. ರೈತನ ಕಣಜದಿಂದ.

1830ರಲ್ಲಿ ನಗರ ಫೌಜುದಾರಿಯ ರೈತರು ಊರೂರಿನಲ್ಲಿ ಕೂಟ ಸೇರಿದರು. ಈ ‘ಕೂಟ’ವೆಂಬ ಮಾತನ್ನು ಗಮನಿಸಬೇಕು. ಅದು ದೊಂಬಿಯಲ್ಲ, ನಾಲ್ಕು ಮಂದಿ ಕಲೆತು ತಮ್ಮ ಕಷ್ಟ ಹೇಳಿಕೊಂಡು, ಕಂದಾಯ ಕಟ್ಟಬಾರದೆಂದು ಗೊತ್ತುಮಾಡುವ ಸಭೆ. ಆದರೆ ಆ ಸಭೆಯ ಮುಂದೆ ಹೊಸ ಆಡಳಿತದ ಕಲ್ಪನೆಯಿರಲಿಲ್ಲ. ತಾನು ನಗರದ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ನಾಯಕನಾದ. ತರೀಕೆರೆಯ ಪಾಳೆಯಗಾರರ ಮನೆತನವೂ ಕೂಡಿಕೊಂಡಿತು. ಒಬ್ಬ ದೊರೆಯ ಬದಲು ಇನ್ನೊಬ್ಬ ದೊರೆ. ಅದರಾಚೆಗೆ ಆ ಕಾಲದ ಕಣ್ಣು ಹರಿಯಲಿಲ್ಲ. ಹೊನ್ನಾಳಿಯಲ್ಲಿ ಅನೇಕರು ಪ್ರಾಣ ತೆತ್ತರು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯವೇ ಬರಬೇಕಾಯಿತು. ಹರಿಹರದ ಹೊರವಲಯದಲ್ಲಿ 1865ರವರೆಗೂ ದೇಶೀ ಪಲ್ಟನಿನ ದಂಡು ಬೀಡುಬಿಟ್ಟಿತ್ತೆಂಬುದನ್ನು ನೆನೆದರೆ, ಆ ಸೈನ್ಯ ಈ ಸೀಮೆಗೆ ಎಷ್ಟು ಹತ್ತಿರವಿತ್ತೆಂದು ತಿಳಿಯುತ್ತದೆ.

ಫಲವೇನಾಯಿತು? 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ. ಮೈಸೂರು ಐವತ್ತು ವರ್ಷ ಕಮಿಷನರುಗಳ ಕೈಯಲ್ಲಿತ್ತು. ರೈತ ಎದ್ದದ್ದು ಅಮಲ್ದಾರನ ಮೇಲೆ. ಲಾಭ ಪಡೆದದ್ದು ಪರಕೀಯ. ಅಧಿಕಾರ ಕೈಬದಲಾಯಿತೇ ಹೊರತು, ಅದು ಯಾರಿಗೆ ಉತ್ತರ ಹೇಳಬೇಕೆಂಬ ಪ್ರಶ್ನೆ ಹುಟ್ಟಲೇ ಇಲ್ಲ.

ಆ ಪ್ರಶ್ನೆ ನಿಧಾನವಾಗಿ ಬೆಳೆಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅಲ್ಲಿ ಪ್ರಜೆ ಅಹವಾಲು ಹೇಳಬಹುದಿತ್ತು, ಸರ್ಕಾರವನ್ನು ಇಳಿಸುವಂತಿರಲಿಲ್ಲ. ಆದರೂ ಕೂಟಕ್ಕೆ ಒಂದು ಚಾವಡಿ ದೊರೆತಂತಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು.

ಚಾವಡಿಯ ಮಾತು ಸಾಲದೆಂದು ದಾವಣಗೆರೆ 1942ರಲ್ಲಿ ತೋರಿಸಿಕೊಟ್ಟಿತು. ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಇಲ್ಲಿ ನಡೆದ ಗೋಲೀಬಾರಿನಲ್ಲಿ ಆರು ಮಂದಿ ಹುತಾತ್ಮರಾದರು. ಅವರಲ್ಲಿ ಹಮಾಲಿ ತಿಮ್ಮಣ್ಣ, ಅಕ್ಕಸಾಲಿ ವಿರೂಪಾಕ್ಷಪ್ಪ ಎಂಬ ಹೆಸರುಗಳಿವೆ. ಹೆಸರಿನಲ್ಲೇ ಕಸುಬನ್ನು ಹೊತ್ತ ಈ ಜನ ಯಾವ ಸಿಂಹಾಸನಕ್ಕೂ ಹಕ್ಕುದಾರರಾಗಿರಲಿಲ್ಲ. ಬೂದಿ ಬಸವಪ್ಪನ ದಂಗೆಗೂ ಇದಕ್ಕೂ ಇರುವ ಅಂತರವನ್ನು ನಾನು ಇಲ್ಲಿ ಕಾಣುತ್ತೇನೆ.

1947ರ ಆಗಸ್ಟ್ 15ರ ಚಿತ್ರವನ್ನು ಹರಿಹರದ ದಡದಲ್ಲಿ ನಿಂತು ಊಹಿಸಿಕೊಳ್ಳಬಹುದು. ಹೊಳೆಯ ಆಚೆ ಮುಂಬಯಿ ಪ್ರಾಂತ. ಅಲ್ಲಿ ಜನರು ಆರಿಸಿದವರ ಸರ್ಕಾರ. ಈಚೆ ಮೈಸೂರು, ಭಾರತಕ್ಕೆ ಸೇರಿದ್ದರೂ ಅಧಿಕಾರ ಇನ್ನೂ ದಿವಾನರ ಕೈಯಲ್ಲಿ. ನೀರು ಒಂದೇ, ಮಾತು ಒಂದೇ, ಹಕ್ಕು ಮಾತ್ರ ಬೇರೆ. ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ‘ಮೈಸೂರು ಚಲೋ’ ಎಂದು ಕರೆ ಕೊಟ್ಟಿತು. ವಿದ್ಯಾರ್ಥಿಗಳು, ಕಾರ್ಮಿಕರು, ರೈತರು ಸೆರೆಮನೆ ತುಂಬಿದರು. ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಆ ತಿಂಗಳ ಕೊನೆಯ ವಾರದಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿತು. ಅರಸರು ಉಳಿದರು, ಅರಸೊತ್ತಿಗೆಯ ಅಧಿಕಾರ ಜನರ ಪ್ರತಿನಿಧಿಗಳಿಗೆ ಬಂತು. ಭಾರತದ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳ ಪೈಕಿ ಈ ಸೀಮೆಯ ಎಚ್. ಸಿದ್ದವೀರಪ್ಪನವರೂ ಇದ್ದರು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಆ ಸಂವಿಧಾನವನ್ನು ಮೈಸೂರಿಗೂ ಒಪ್ಪಿ ಘೋಷಣೆ ಹೊರಡಿಸಿದರು.

ಸೋತ ದಂಗೆ ವ್ಯರ್ಥವೆಂದು ನಾನು ಹೇಳಲಾರೆ. ಕಂದಾಯವೆತ್ತುವವನಿಗೆ ಎದುರು ನಿಂತು ಲೆಕ್ಕ ಕೇಳಬಹುದೆಂಬ ಧೈರ್ಯ 1830ರ ಕೂಟದ್ದು. ಆ ಲೆಕ್ಕವನ್ನು ವರ್ಷವರ್ಷವೂ ಒಪ್ಪಿಸಲೇಬೇಕೆಂಬ ಕಟ್ಟಳೆ ಸಂವಿಧಾನದ್ದು. ಧೈರ್ಯವಿಲ್ಲದ ಕಟ್ಟಳೆ ಬರಿಯ ಕಾಗದ. ಕಟ್ಟಳೆಯಿಲ್ಲದ ಧೈರ್ಯಕ್ಕೆ ಏನಾಗುತ್ತದೆಂಬುದನ್ನು ಹೊನ್ನಾಳಿಯ ಮಣ್ಣು ಬಲ್ಲದು.