ಅಪ್ಪ ನೆಲ ನೋಡ್ತಿದ್ದ, ಮಗಳು ಮೇಲೆ ನೋಡಿದಳು

ಗುಹೆ ಚಿತ್ರಗಳ ಸರಣಿ, ಭಾಗ 2

ಮನುಷ್ಯ ಮೊಟ್ಟಮೊದಲು ಚಿತ್ರ ಬರೆದಿದ್ದು ಎಲ್ಲಿ, ಯಾವಾಗ? ಉತ್ತರ ಹೇಳೋಕೆ ಮುಂಚೆ ಒಂದು ಕಥೆ ಹೇಳ್ಬೇಕು. ಕಥೆ ಅಂದ್ರೆ ನಡೆದದ್ದೇ.

1879. ಉತ್ತರ ಸ್ಪೇನ್‌ನ ಅಲ್ತಮೀರಾ ಗುಹೆ. ಮಾರ್ಸೆಲಿನೋ ಸಾನ್ಜ್ ದೆ ಸೌತುವೊಲಾ ಅನ್ನೋ ಜಮೀನ್ದಾರ ಒಳಗೆ ಮಣ್ಣು ಕೆದಕ್ತಿದ್ದ. ಪ್ರೊಫೆಸರ್ ಏನಲ್ಲ, ಹವ್ಯಾಸಿ. ಹಿಂದಿನ ವರ್ಷ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಶಿಲಾಯುಗದವರು ಕೆತ್ತಿದ ಸಣ್ಣಸಣ್ಣ ವಸ್ತುಗಳನ್ನು ನೋಡಿ ಬಂದಿದ್ದ. ಅಂಥದ್ದು ತನಗೂ ಸಿಗಬಹುದು ಅಂತ ಆಸೆ, ಹಾಗಾಗಿ ಕಣ್ಣೆಲ್ಲ ನೆಲದ ಮೇಲೆ. ಜೊತೆಗೆ ಬಂದಿದ್ದ ಮಗಳು ಮರಿಯಾಗೆ ಎಂಟು ವರ್ಷ. ಅಲ್ಲಿ ಚಾವಣಿ ಎಷ್ಟು ತಗ್ಗು ಅಂದ್ರೆ ದೊಡ್ಡವರು ಬಗ್ಗಿಕೊಂಡೇ ಹೋಗ್ಬೇಕು. ಮಕ್ಕಳಾದ್ರೆ ನೆಟ್ಟಗೆ ನಿಂತು ತಲೆ ಎತ್ತಬಹುದು. ಅವಳು ಎತ್ತಿದಳು. ಎತ್ತುಗಳಿವೆ ನೋಡು ಅಂತ ಅಪ್ಪನನ್ನ ಕರೆದಳು.

ಅವು ಎತ್ತುಗಳಲ್ಲ, ಬೈಸನ್. ನಮ್ಮ ಕಾಟಿಯ ದೂರದ ನೆಂಟರು ಅಂದ್ಕೊಳ್ಳಿ. ಕೆಮ್ಮಣ್ಣು ಮತ್ತು ಇದ್ದಿಲಲ್ಲಿ ಬರೆದದ್ದು. ಬಂಡೆ ಉಬ್ಬಿದ ಕಡೆಯೇ ಪ್ರಾಣಿಯ ಮೈ ಬರೋ ಹಾಗೆ ಜಾಗ ಆರಿಸಿದ್ದಾರೆ. ದೀಪದ ಬೆಳಕು ಅಲುಗಾಡಿದ್ರೆ ಅವೂ ಉಸಿರಾಡಿದ ಹಾಗೆ ಕಾಣಿಸ್ತಿರಬೇಕು (ಇದು ನನ್ನ ಕಲ್ಪನೆ).

1880ರಲ್ಲಿ ಸೌತುವೊಲಾ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿದ. ಇವು ಶಿಲಾಯುಗದವು ಅಂದ. ಮ್ಯಾಡ್ರಿಡ್‌ನ ಪ್ರೊಫೆಸರ್ ಹುವಾನ್ ವಿಲನೋವಾ ಬೆನ್ನಿಗೆ ನಿಂತರು. ಆದ್ರೆ ಅದೇ ವರ್ಷ ಲಿಸ್ಬನ್‌ನಲ್ಲಿ ಸೇರಿದ ವಿದ್ವಾಂಸರು ಒಪ್ಪಲೇ ಇಲ್ಲ. ಬಣ್ಣ ಇಷ್ಟು ಹೊಸದಾಗಿದೆ, ಗೋಡೆಯಲ್ಲಿ ಮಸಿ ಇಲ್ಲ, ಕತ್ತಲಲ್ಲಿ ಹೇಗೆ ಬರೆದ್ರು ಅಂತ ಪ್ರಶ್ನೆ. (ಮೂಳೆಯೊಳಗಿನ ಕೊಬ್ಬಿನಿಂದ ಉರಿಯೋ ದೀಪಕ್ಕೆ ಹೊಗೆ ತೀರಾ ಕಮ್ಮಿ. ಅದು ಆಮೇಲೆ ಗೊತ್ತಾಯ್ತು.) ನನಗನ್ನಿಸೋದು, ಇವೆಲ್ಲ ನೆಪ. ಗುಹೆಯಲ್ಲಿದ್ದ ಕಾಡುಮನುಷ್ಯನಿಗೆ ಇಷ್ಟು ಚೆನ್ನಾಗಿ ಬರೆಯೋಕೆ ಬರೋದೇ ಇಲ್ಲ ಅಂತ ಮೊದಲೇ ತೀರ್ಮಾನ ಆಗಿತ್ತು. ಕೊನೆಗೆ, ಮನೆಗೆ ಬಂದಿದ್ದ ಚಿತ್ರಕಾರನ ಕೈಲಿ ಸೌತುವೊಲಾನೇ ಬರೆಸಿದ್ದಾನೆ ಅನ್ನೋವರೆಗೂ ಮಾತು ಹೋಯ್ತು. ಆ ಮೋಸಗಾರ ಅನ್ನೋ ಹೆಸರು ಹೊತ್ತುಕೊಂಡೇ 1888ರಲ್ಲಿ ತೀರಿಕೊಂಡ.

1895ರಲ್ಲಿ ಫ್ರಾನ್ಸ್‌ನ ಲಾ ಮೂತ್ ಗುಹೆ ಸಿಕ್ತು. ಅದರ ಬಾಯಿ ಶಿಲಾಯುಗದ ಮಣ್ಣಿನಿಂದಲೇ ಮುಚ್ಚಿಹೋಗಿತ್ತು. ಅಂದ್ರೆ ಒಳಗಿನ ಚಿತ್ರಗಳು ಅದಕ್ಕಿಂತ ಈಚಿನವು ಆಗೋಕೆ ಸಾಧ್ಯವೇ ಇಲ್ಲ. 1901ರಲ್ಲಿ ಇನ್ನೆರಡು ಗುಹೆ. ಮರುವರ್ಷ, ಗಟ್ಟಿಯಾಗಿ ವಿರೋಧಿಸಿದ್ದ ಎಮಿಲ್ ಕಾರ್ತೈಯಾಕ್ ‘ತಪ್ಪು ನನ್ನದೇ’ ಅಂತ ಲೇಖನ ಬರೆದರು. ಸೌತುವೊಲಾ ಸತ್ತು ಆಗಲೇ ಹದಿನಾಲ್ಕು ವರ್ಷ.

ಸರಿ, ಒಪ್ಪಿಕೊಂಡ್ರಲ್ಲ? ಒಪ್ಪಿಕೊಂಡಮೇಲೆ ಇನ್ನೊಂದು ಎಡವಟ್ಟು: ಹಾಗಾದ್ರೆ ಕಲೆ ಹುಟ್ಟಿದ್ದು ಯುರೋಪ್‌ನಲ್ಲೇ ಅಂತ.

ಇಂಡೋನೇಷ್ಯಾದ ಸುಲವೇಸಿ ದ್ವೀಪದ ಗುಹೆಗಳಲ್ಲಿ ಅಂಗೈ ಅಚ್ಚುಗಳಿದ್ದದ್ದು 1950ರ ದಶಕದಿಂದಲೇ ಗೊತ್ತಿತ್ತು. ಕೈಯನ್ನು ಬಂಡೆಗೆ ಒತ್ತಿ ಸುತ್ತ ಬಣ್ಣ ಊದೋದು. ಸ್ಕೂಲಲ್ಲಿ ಎಲೆ ಇಟ್ಟು ಹಳೇ ಬ್ರಷ್‌ನಿಂದ ಬಣ್ಣ ಚಿಮುಕಿಸ್ತಿದ್ವಲ್ಲ, ಹಾಗೇ. ಅಷ್ಟು ಸೆಕೆ, ಅಷ್ಟು ಮಳೆಯಲ್ಲಿ ಹಳೇ ಚಿತ್ರ ಉಳಿಯಲ್ಲ, ಹತ್ತು ಸಾವಿರ ವರ್ಷವೂ ಆಗಿರಲಿಕ್ಕಿಲ್ಲ ಅಂತ ಅಂದ್ಕೊಂಡಿದ್ರು. ಅಳೆದು ನೋಡಿದ್ದು 2014ರಲ್ಲಿ. ಗೋಡೆ ಮೇಲೆ ಜಿನುಗೋ ನೀರು ಚಿತ್ರದ ಮೇಲೆ ಸುಣ್ಣದ ತೆಳು ಪದರ ಕಟ್ಟುತ್ತೆ. ನೀರಿನ ಜೊತೆ ಯುರೇನಿಯಂ ಬರುತ್ತೆ, ಥೋರಿಯಂ ಬರಲ್ಲ. ವರ್ಷ ಕಳೆದ ಹಾಗೆ ಯುರೇನಿಯಂ ಒಡೆದು ಥೋರಿಯಂ ಆಗ್ತಾ ಹೋಗುತ್ತೆ. ಅದನ್ನ ಅಳೆದರೆ ಪದರದ ವಯಸ್ಸು ಸಿಗುತ್ತೆ. ಚಿತ್ರ ಪದರದ ಕೆಳಗಿದೆ, ಅಂದ್ರೆ ಅದಕ್ಕಿಂತ ಹಳೇದು. ಒಂದು ಅಂಗೈಗೆ ಕನಿಷ್ಠ 39,900 ವರ್ಷ! 2021ರಲ್ಲಿ ಒಂದು ಹಂದಿ, 45,500. 2024ರಲ್ಲಿ ಲಿಯಾಂಗ್ ಕರಂಪುವಾಂಗ್‌ನ ಹಂದಿ ಮತ್ತು ಅದರ ಸುತ್ತ ಮೂರು ಆಕೃತಿಗಳು, 51,200. ಅಲ್ತಮೀರಾದ ಬೈಸನ್‌ಗಳಿಗೆ ಇದರ ಅರ್ಧ ವಯಸ್ಸೂ ಇಲ್ಲ.

ಆದ್ದರಿಂದ ‘ಮೊದಲು ಎಲ್ಲಿ’ ಅಂತ ಕೇಳಿದ್ರೆ, ಅಳೆದದ್ದರಲ್ಲಿ ಹಳೇದು ಯಾವುದು ಅಂತ ಮಾತ್ರ ಹೇಳಬಹುದು. ಅಳೆಯದೇ ಇರೋ ಗೋಡೆಗಳು ಇನ್ನೂ ಎಷ್ಟೋ ಇವೆ. ಸುಲವೇಸಿಯಲ್ಲಿ ಉಪ್ಪು ಹರಳುಗಟ್ಟಿ ಬಂಡೆಯ ಮೇಲ್ಪದರ ಚಿತ್ರ ಸಮೇತ ಎದ್ದು ಬರ್ತಿದೆ, ಹವಾಮಾನ ಬಿಸಿಯಾದಷ್ಟೂ ಬೇಗ.

ಅಂದಹಾಗೆ, ಮರಿಯಾ ತಲೆ ಎತ್ತೋಕೆ ಹತ್ತು ವರ್ಷಕ್ಕೂ ಮೊದಲೇ ನಮ್ಮ ಮಿರ್ಜಾಪುರದ ಕಡೆ ಆರ್ಚಿಬಾಲ್ಡ್ ಕಾರ್ಲೈಲ್ ಬಂಡೆಚಿತ್ರಗಳನ್ನು ಕಂಡು ಶಿಲಾಯುಗದವು ಅಂದುಕೊಂಡಿದ್ದ. ಅವನ ಕಥೆ ಭಾಗ 3ರಲ್ಲಿ.