ದಳಕ್ಕೆ ಹೆಸರು ಕೊಟ್ಟವರು

ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳು ಸಮೀಪಿಸಿದವೆಂದರೆ ನಮ್ಮ ಶಾಲೆಗಳಲ್ಲಿ ಒಂದು ಗಡಿಬಿಡಿ ಹುಟ್ಟುತ್ತದೆ. ಬ್ಯಾಂಡಿನ ಮುಂದೆ ಕೋಲು ತಿರುವುತ್ತ ನಡೆಯುವವರು ಯಾರು, ಧ್ವಜ ಹಿಡಿಯುವ ಸಾಲಿನಲ್ಲಿ ಯಾರು, ಲೇಜೀಮಿನ ಕುಣಿತಕ್ಕೆ ಯಾರು ಎಂದು ಮಕ್ಕಳನ್ನು ಆರಿಸುತ್ತಾರೆ. ಹುಡುಗರ ಹೆಸರುಗಳು ಸುಲಭವಾಗಿ ಬೀಳುತ್ತವೆ. ಹುಡುಗಿಯ ಹೆಸರು ಬಂದಾಗ ಮಾತ್ರ ಕೆಲವು ಮನೆಗಳಲ್ಲಿ ಈಗಲೂ ಮಾತು ತಡೆಯುತ್ತದೆ. ಬೀದಿಯಲ್ಲಿ ಕುಣಿಯುವುದು, ಕೋಲು ತಿರುವುವುದು ನಮ್ಮ ಮನೆತನಕ್ಕೆ ಒಪ್ಪುವುದೇ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಹಳೆಯದು. ಅದಕ್ಕೆ ತಮ್ಮ ನಡತೆಯಿಂದಲೇ ಉತ್ತರ ಕೊಟ್ಟವರು ನಮ್ಮ ಉತ್ತರ ಕರ್ನಾಟಕದಲ್ಲಿಯೇ ಇದ್ದರು.

ಕೋಲೂ ಧ್ವಜವೂ ಮೂಲತಃ ಆಟದ ಸಾಮಾನುಗಳಲ್ಲ, ದಂಡಿನ ಸಾಮಾನುಗಳು. ಪಾಶ್ಚಾತ್ಯ ಸೈನ್ಯಗಳಲ್ಲಿ ವಾದ್ಯಗಾರರ ಮುಖಂಡನು ಹಿಡಿಯುತ್ತಿದ್ದ ಭಾರವಾದ ದಂಡವೇ ಹಗುರಾಗುತ್ತ ಬಂದು ಅಮೇರಿಕೆಯ ಶಾಲಾ ಬಾಲಿಕೆಯರ ಕೈಯಲ್ಲಿ ತಿರುಗುವ ಕೋಲಾಯಿತು. ಪತಾಕೆ ಶತ್ರುವಿನ ಪಾಲಾಗದಂತೆ ಕಾಯುತ್ತಿದ್ದ ಭಟರ ಗುಂಪೇ ಇಂದಿನ ಧ್ವಜನೃತ್ಯದ ತಂಡಕ್ಕೆ ಮೂಲ. ನಮ್ಮಲ್ಲಿಯೂ ಧ್ವಜಕ್ಕೆ ಇದ್ದ ಬೆಲೆ ಅಷ್ಟೇ ದೊಡ್ಡದು. ಬಾದಾಮಿ ಚಾಲುಕ್ಯ ವಿಜಯಾದಿತ್ಯನು ಯುವರಾಜನಾಗಿದ್ದಾಗ ಉತ್ತರದ ಅರಸನಿಂದ ಗೆದ್ದು ತಂದೆ ವಿನಯಾದಿತ್ಯನಿಗೆ ಒಪ್ಪಿಸಿದ ವಸ್ತುಗಳನ್ನು ಶಾಸನಗಳು ಎಣಿಸುತ್ತವೆ: ಗಂಗಾ-ಯಮುನೆಯರ ಚಿಹ್ನೆ, ಪಾಳಿಧ್ವಜ, ಢಕ್ಕೆ, ಮಹಾಶಬ್ದ, ಮಾಣಿಕ್ಯ, ಆನೆಗಳ ಮಾತು ಆಮೇಲೆ. ಧ್ವಜ ಹೋದರೆ ರಾಜ್ಯವೇ ಹೋದಂತೆ ಎಂಬ ಭಾವನೆ ಇದು. ದಂಡದ ಮಾತೂ ಹಾಗೆಯೇ. ಮುಧೋಳದ ಬಳಿಯ ಬೆಳುಗಲಿಯಲ್ಲಿ, ಎಂದರೆ ಈಗಿನ ರನ್ನ ಬೆಳಗಲಿಯಲ್ಲಿ, 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಪದವಿಯೊಡನೆ ಸಂದ ಗೌರವಗಳಲ್ಲಿ ಹೊನ್ನಿನ ದಂಡವೂ ಒಂದು. ಕೋಲು ಹಿಡಿಯುವುದಕ್ಕೆ ಅರಸನ ಅಪ್ಪಣೆ ಬೇಕಾಗಿದ್ದ ಕಾಲ ಅದು!

ಜನಪದರಲ್ಲಿ ಈ ಹಕ್ಕು ದೇವರ ಹೆಸರಿನಿಂದ ಬಂದಿತು. ಕರಡಿ ಮಜಲಿನ ಬಡಿತಕ್ಕೆ ಕುಣಿಯುವ ಜಾತ್ರೆಯ ಮೆರವಣಿಗೆಯನ್ನು ಈ ಭಾಗದವರಿಗೆ ನಾನು ವರ್ಣಿಸಬೇಕಾಗಿಲ್ಲ. ಆಳಿಗಿಂತ ಎಷ್ಟೋ ಎತ್ತರದ ನಂದಿಕೋಲನ್ನು ನಡುವಿಗೆ ಆನಿಸಿಕೊಂಡು, ತುದಿಯ ಬಟ್ಟೆ ಹಾರಾಡುತ್ತಿರಲು ಹೆಜ್ಜೆ ಹಾಕುವುದು ಮೈಬಲದ ಜೊತೆಗೆ ಹದವನ್ನೂ ಬೇಡುವ ಕಲೆ. ಆದರೆ ಅದನ್ನು ಯಾರ ಮನೆಯವರು ಎತ್ತಬೇಕೆಂಬುದು ಅನೇಕ ಊರುಗಳಲ್ಲಿ ಮೊದಲೇ ನಿಶ್ಚಿತವಾಗಿರುತ್ತದೆ, ಎತ್ತುವವರು ಗಂಡಸರು.

ಹೆಸರು ಕೊಟ್ಟವರಿಗೆಲ್ಲ ಧ್ವಜದ ಅಡಿಯಲ್ಲಿ ಸ್ಥಳವುಂಟು ಎಂಬ ಹೊಸ ಪದ್ಧತಿ ಈ ಕಡೆ ಬಲವಾಗಿ ಬೇರೂರಿದ್ದು ಹುಬ್ಬಳ್ಳಿಯಿಂದ. ಡಾಕ್ಟರ ನಾ. ಸು. ಹರ್ಡೀಕರರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಲಕತ್ತೆಯಲ್ಲಿ ವೈದ್ಯಕ ಕಲಿತು, ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಬಲಗೈಯಾಗಿ ದುಡಿದು, 1921ರಲ್ಲಿ ಊರಿಗೆ ಮರಳಿದರು. ದವಾಖಾನೆ ತೆರೆದು ಸುಖವಾಗಿರಬಹುದಾಗಿದ್ದ ಮನುಷ್ಯ ತರುಣರನ್ನು ಕೂಡಿಸಿ ಸಾಲಿನಲ್ಲಿ ನಿಲ್ಲಿಸತೊಡಗಿದರು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಹುಬ್ಬಳ್ಳಿಯ ಸೇವಾ ಮಂಡಲದವರೂ ಸೆರೆಮನೆ ಸೇರಿದರು. ಅಲ್ಲಿಯ ಕಷ್ಟ ತಾಳದೆ ಕ್ಷಮೆ ಬರೆದುಕೊಟ್ಟು ಹೊರಬಂದವರು ಇದ್ದರು, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಕವಾಯತಿನಿಂದ ಬರುವ ಶಿಸ್ತಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದು? ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲರು ಅದರ ಮೊದಲ ಅಧ್ಯಕ್ಷರು. ಕವಾಯತು ಅಹಿಂಸೆಗೆ ಒಗ್ಗುವುದೇ ಎಂದು ಹುಬ್ಬೇರಿಸಿದ ಮುಖಂಡರೂ ಇಲ್ಲದಿರಲಿಲ್ಲ. ದಳದವರು ಪ್ರತಿ ತಿಂಗಳೂ ಒಂದು ರವಿವಾರ ಬೆಳಿಗ್ಗೆ ಕೂಡಿ ಧ್ವಜವಂದನೆ ಮಾಡುವ ರೂಢಿ ಹಾಕಿದರು.

ಇನ್ನು ಹೆಂಗಸರ ಮಾತು. ನನ್ನ ಮಟ್ಟಿಗೆ ಸೇವಾದಳದ ಇತಿಹಾಸದಲ್ಲಿ ಅತ್ಯಂತ ಧೈರ್ಯದ ಪ್ರಕರಣ ಇದೇ. ಮಂಗಳೂರಿನಲ್ಲಿ 1892ರಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರರು ಎಳೆತನದಲ್ಲಿಯೇ ಮದುವೆಯಾದವರು. ಅವರನ್ನು ಓದಲು ಹಚ್ಚಿದವರು ಮಾವ ಆನಂದರಾಯರು. (ನಮ್ಮ ಸುಧಾರಣೆಯ ಚರಿತ್ರೆಯಲ್ಲಿ ಇಂಥ ಮಾವಂದಿರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.) ಪತಿ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ ಬಂದು ನೆಲೆಸಿದ ಈ ಕುಟುಂಬ ಅಲ್ಲಿ ಕರ್ನಾಟಕ ಪ್ರೆಸ್ ನಡೆಸಿತು, ಉಮಾಬಾಯಿಯವರು ತಿಲಕ ಕನ್ಯಾಶಾಲೆ, ಭಗಿನಿ ಮಂಡಲಗಳಲ್ಲಿ ಮುಳುಗಿದರು. ಹರ್ಡೀಕರರು ದಳದ ಸ್ತ್ರೀ ವಿಭಾಗವನ್ನು ಅವರಿಗೆ ಒಪ್ಪಿಸಿದರು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಕೂಡುವುದಿತ್ತು. ಉಮಾಬಾಯಿಯವರು ಪ್ರಾಂತವೆಲ್ಲ ಸುತ್ತಿ ಸುಮಾರು 150 ಸ್ವಯಂಸೇವಕಿಯರನ್ನು ಕೂಡಿಸಿದರು. ಕಮಲಾದೇವಿ ಚಟ್ಟೋಪಾಧ್ಯಾಯರೂ ಈ ಕೆಲಸದಲ್ಲಿದ್ದರು. ಬಂದವರಲ್ಲಿ ವಿಧವೆಯರೂ ಇದ್ದರೆಂಬುದನ್ನು ವಾಚಕರು ಗಮನಿಸಬೇಕು. ಹಬ್ಬ ಹುಣ್ಣಿಮೆಗಳಲ್ಲಿ ಎದುರಿಗೆ ಬಂದರೆ ಅಪಶಕುನವೆಂದು ಒಳಕೋಣೆಗೆ ಸರಿಸಲ್ಪಡುತ್ತಿದ್ದ ಹೆಣ್ಣುಮಕ್ಕಳು ಸಾವಿರಾರು ಜನರ ನಡುವೆ ಸಾಲುಗೂಡಿ ನಿಂತು, ಬಂದವರಿಗೆ ದಾರಿ ತೋರುವ ಅಧಿಕಾರದಿಂದ ಓಡಾಡಿದರು. ದಳಕ್ಕೆ ಹೆಸರು ಕೊಡುವುದೆಂದರೆ ಅವರ ಪಾಲಿಗೆ ದೇಶಸೇವೆಗೂ ಮೊದಲು ಹೊಸ್ತಿಲು ದಾಟುವುದಾಗಿತ್ತು.

ಇದರ ಬೆಲೆಯನ್ನೂ ತೆರಬೇಕಾಯಿತು. 1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರು ಯರವಡಾ ಸೆರೆಮನೆಗೆ ಹೋದರು; ಹೊರಬಂದು ನೋಡಿದರೆ ಪ್ರೆಸ್ ಜಪ್ತಿಯಾಗಿತ್ತು, ಶಾಲೆಗೆ ಮುದ್ರೆ ಬಿದ್ದಿತ್ತು, ಭಗಿನಿ ಮಂಡಲ ಕಾನೂನುಬಾಹಿರವಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಏರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಕೂಡಿದ ಜನರ ಮೇಲೆ ಗುಂಡು ಹಾರಿತು. 1942ರಲ್ಲಿ ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಶಾಲೆಯ ವಯಸ್ಸಿನ ಬಾಲಕ. ಮುಧೋಳ, ಜಮಖಂಡಿಗಳು ಆಗ ಘೋರ್ಪಡೆ, ಪಟವರ್ಧನ ಅರಸರ ಸಂಸ್ಥಾನಗಳು. 1948ರಲ್ಲಿ ಅವು ಮುಂಬಯಿ ಪ್ರಾಂತದಲ್ಲಿ ಲೀನವಾದ ಮೇಲೆ ತ್ರಿವರ್ಣ ಧ್ವಜವೇ ಇಲ್ಲಿಯ ಕಚೇರಿಗಳ ಧ್ವಜವೂ ಆಯಿತು.

ಹರ್ಡೀಕರರು 1975ರಲ್ಲಿ ತೀರಿಕೊಂಡರು. ಘಟಪ್ರಭೆಯ ಆರೋಗ್ಯಧಾಮ ಅವರ ಇನ್ನೊಂದು ಸ್ಮಾರಕ. ಉಮಾಬಾಯಿಯವರು 1992ರವರೆಗೂ, ನೂರರ ಹತ್ತಿರದವರೆಗೆ ಬಾಳಿದರು. ಸಾವಧಾನ್, ವಿಶ್ರಾಮ್ ಎಂಬ ಕೂಗುಗಳೂ ಲೇಜೀಮಿನ ಝಣಝಣವೂ ನಮ್ಮ ಶಾಲೆಯ ಅಂಗಳಗಳಲ್ಲಿ ಉಳಿದಿವೆ. ಧ್ವಜದ ಬಟ್ಟೆಯೂ ದೂರದ್ದಲ್ಲ. ಬಾಗಲಕೋಟೆಯ ಬಳಿಯ ತುಳಸಿಗೇರಿಯ ಕೈಮಗ್ಗಗಳಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ, ಬಣ್ಣವೇರಿಸಿಕೊಂಡು, ಚಕ್ರದ ಅಚ್ಚು ಹಾಕಿಸಿಕೊಂಡು, ಹೊಲಿಗೆಯಾಗಿ ರಾಷ್ಟ್ರಧ್ವಜವೆನಿಸುತ್ತದೆ. 2021ರ ಡಿಸೆಂಬರಿನಲ್ಲಿ ನಿಯಮ ತಿದ್ದಿ ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶ ಕೊಟ್ಟದ್ದರಿಂದ ಈ ಮಗ್ಗಗಳಿಗೆ ಪೆಟ್ಟು ಬಿದ್ದಿದೆ. ಅಲ್ಲಿ ನೂಲುವವರು, ನೇಯುವವರು, ಹೊಲಿಯುವವರು ಬಹುಪಾಲು ಹೆಂಗಸರು.